ನರ್ಸಿಂಗ್ ಹೋಂ ಸೇರುವ ಮುನ್ನ



ಸಂತೆಯಲ್ಲಿ ಹೋರಿ ಕೊಳ್ಳುವಾಗ ನೀವು ಬಾಯಿ ತೆರೆಸಿ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಬಿತ್ತನೆ ಬೀಜ ತರುವಾಗ ಚೀಲಕ್ಕೆ ಕಟ್ಟಿದ ನೀಲಿ ಚೀಟಿಯನ್ನೂ ಅದರ ಮೇಲಿನ ಅವಧಿಯನ್ನೂ ಓದಿಸಿಯೇ ಹಣ ಕೊಡುತ್ತೀರಿ. ಆದರೆ ಮಗಳನ್ನು ಹೆರಿಗೆಗೆ ಸೇರಿಸುವಾಗ, ಬಿದ್ದು ಸೊಂಟ ಮುರಿದುಕೊಂಡ ತಂದೆಯನ್ನು ಚಿಕಿತ್ಸೆಗೆ ಒಯ್ಯುವಾಗ ಏನು ನೋಡುತ್ತೀರಿ? ಹೆಚ್ಚಿನವರು ಏನನ್ನೂ ನೋಡುವುದಿಲ್ಲ. ಆಟೋದವನು ಯಾವ ಬಾಗಿಲಲ್ಲಿ ಇಳಿಸಿದನೋ ಆ ಬಾಗಿಲನ್ನೇ ಹೊಗುತ್ತಾರೆ.

ನಾನು ಬೇಸಾಯದ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದರೂ ಈ ವಿಷಯ ಬರೆಯಲು ಕಾರಣವುಂಟು. ಕಳೆದ ಮುಂಗಾರಿನಲ್ಲಿ ನಾನು ಓಡಾಡುವ ಹಳ್ಳಿಯೊಂದರ ರೈತರು ಮಗಳ ಚೊಚ್ಚಲ ಹೆರಿಗೆಗೆಂದು ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಹೋದರು. ಸಂಜೆ ಐದಕ್ಕೆ ಸೇರಿಸಿದರು. ರಾತ್ರಿ ಹನ್ನೊಂದರವರೆಗೂ “ಆಗುತ್ತೆ, ಕಾಯಿರಿ” ಎಂಬ ಮಾತೇ ಬಂತು. ಆಮೇಲೆ, ಹೊಟ್ಟೆ ಕೊಯ್ದು ಮಗು ತೆಗೆಯಬೇಕು, ಅರಿವಳಿಕೆ ಕೊಡುವ ಡಾಕ್ಟರು ಊರಿನಲ್ಲಿಲ್ಲ, ರಕ್ತವೂ ಇಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗಿರಿ ಎಂದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಕೆಲವು ದಿನಗಳ ಮೇಲೆ ರಾಗಿ ಬೀಜದ ವಿಚಾರವಾಗಿ ನಾನು ಅವರ ಮನೆಗೆ ಹೋದಾಗ ಅವರೆಂದರು: “ಬೀಜದ ಚೀಲದ ಚೀಟಿ ನೋಡ್ತೀನಿ ಸ್ವಾಮಿ. ಮಗಳನ್ನ ಸೇರಿಸೋ ಜಾಗಾನ ನೋಡಬೇಕು ಅಂತ ನನಗೆ ಹೊಳೀಲೇ ಇಲ್ಲ.”

ತಪ್ಪು ಅವರೊಬ್ಬರದಲ್ಲ. ನೋವು ಕಾಣಿಸಿಕೊಂಡ ರಾತ್ರಿಯಲ್ಲಿ ಯಾರಿಗೂ ಪರೀಕ್ಷೆ ಮಾಡುವ ತಾಳ್ಮೆ ಇರುವುದಿಲ್ಲ. ಆದುದರಿಂದ ನೋಡುವ ಕೆಲಸವನ್ನು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ, ಸಂತೆಗೆ ಹೋದ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು, ಮುಗಿಸಿಟ್ಟುಕೊಳ್ಳಬೇಕು. ಏನೇನು ನೋಡಬೇಕೆಂಬುದನ್ನು ಕೆಳಗೆ ಹೇಳಿದೆ.

ಮೊದಲು ಗೋಡೆಯನ್ನು ಓದಿ

ನಮ್ಮ ರಾಜ್ಯದಲ್ಲಿ ಖಾಸಗಿ ನರ್ಸಿಂಗ್ ಹೋಂಗಳ ಮೇಲೆ ಹತೋಟಿಗೆಂದು ೧೯೭೬ರಲ್ಲಿಯೇ ಕಾಯಿದೆ ಆಗಿತ್ತು. ಅದರ ಜಾಗದಲ್ಲಿ ಬಂದದ್ದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, ೨೦೦೭. ಅದಕ್ಕೆ ೨೦೧೭ರಲ್ಲಿ ತಿದ್ದುಪಡಿಯಾಯಿತು. ಪಟ್ಟಣದಲ್ಲಿ ಇದನ್ನು ಕೆ.ಪಿ.ಎಂ.ಇ. ಕಾಯಿದೆ ಎನ್ನುತ್ತಾರೆ. ಇದರ ಪ್ರಕಾರ ಪ್ರತಿಯೊಂದು ನರ್ಸಿಂಗ್ ಹೋಮೂ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ಜನರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಯಾವ ಚಿಕಿತ್ಸೆಗೆ ಎಷ್ಟು ಹಣ ಎಂಬ ದರಪಟ್ಟಿಯನ್ನೂ ಪ್ರಕಟಿಸಿರಬೇಕು. ನೋಂದಣಿಗೆ ಅವಧಿ ಇದೆ. ಬೀಜದ ಚೀಟಿಯಲ್ಲಿ ತಾರೀಖು ನೋಡುವಂತೆ ಇಲ್ಲಿಯೂ ತಾರೀಖನ್ನು ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಡಾಕ್ಟರ ಹೆಸರಿನ ಮುಂದೆ ಅವರ ಓದೂ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಬೋರ್ಡಿನಲ್ಲಿ ಹತ್ತು ಡಾಕ್ಟರ ಹೆಸರಿದ್ದ ಮಾತ್ರಕ್ಕೆ ಹತ್ತು ಮಂದಿ ಅಲ್ಲಿದ್ದಾರೆಂದು ತಿಳಿಯಬೇಡಿ. ಅವರಲ್ಲಿ ವಾರಕ್ಕೊಮ್ಮೆ ಬಂದುಹೋಗುವವರೇ ಹೆಚ್ಚಿರಬಹುದು. ಹೊಳೆಯುವ ಕಲ್ಲುಹಾಸು, ದೊಡ್ಡ ಟಿ.ವಿ., ತಣ್ಣನೆಯ ಕೋಣೆ ಇವೆಲ್ಲ ಹೋರಿಯ ಕೊಂಬಿಗೆ ಬಳಿದ ಬಣ್ಣವಿದ್ದಂತೆ. ಬಣ್ಣ ಇರಬಾರದೆಂದಲ್ಲ, ಬಣ್ಣ ನೋಡಿ ಬೆಲೆ ಕಟ್ಟಬಾರದು.

ಇನ್ನೊಂದು ಗುರುತು ಹೇಳುತ್ತೇನೆ. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದು ೧೯೯೪ರ ಕಾಯಿದೆಯಂತೆ ಅಪರಾಧ. ೨೦೨೩ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಈ ಕೆಲಸ ನಡೆಸುತ್ತಿದ್ದುದು ಬಯಲಾದುದನ್ನು ನೀವು ಕೇಳಿರಬಹುದು. ಗುಟ್ಟಾಗಿ ಹೇಳುತ್ತೇವೆ ಎನ್ನುವ ಜಾಗಕ್ಕೆ ಕಾಲಿಡಬೇಡಿ. ಒಂದು ಕಾಯಿದೆಯನ್ನು ಹಣಕ್ಕಾಗಿ ಮುರಿಯುವವರು ನಿಮ್ಮ ಮಗಳ ಪ್ರಾಣದ ವಿಷಯದಲ್ಲಿ ನಿಯಮ ಪಾಲಿಸುತ್ತಾರೆಂದು ನಂಬುವುದು ಹೇಗೆ?

ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ?

ಹಗಲಿನಲ್ಲಿ ಎಲ್ಲ ಆಸ್ಪತ್ರೆಗಳೂ ಚೆನ್ನಾಗಿಯೇ ಕಾಣುತ್ತವೆ. ಕಷ್ಟ ಬರುವುದು ಸಾಮಾನ್ಯವಾಗಿ ರಾತ್ರಿ. ಆದುದರಿಂದ ನೇರವಾಗಿ ಕೇಳಿ: ರಾತ್ರಿ ಇಲ್ಲಿಯೇ ಮಲಗುವ ಡಾಕ್ಟರು ಇದ್ದಾರೆಯೇ? ಅವರು ಯಾವ ಪದ್ಧತಿಯ ಡಾಕ್ಟರು? ಎಷ್ಟು ಜನ ನರ್ಸುಗಳು? ಅವರು ತರಬೇತಿ ಪಡೆದವರೋ, ಅಥವಾ ಬಿಳಿ ಬಟ್ಟೆ ತೊಡಿಸಿ ನಿಲ್ಲಿಸಿದ ಹುಡುಗಿಯರೋ? ಅರಿವಳಿಕೆ ಡಾಕ್ಟರು ಕರೆದರೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ರಕ್ತ ಬೇಕಾದರೆ ಎಲ್ಲಿಂದ ತರುತ್ತಾರೆ?

ರಕ್ತದ ಮಾತನ್ನು ಹಗುರವಾಗಿ ಎಣಿಸಬೇಡಿ. ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವವಾದರೆ ಎರಡು ಗಂಟೆಯೊಳಗೇ ಬಾಣಂತಿಯ ಪ್ರಾಣ ಹೋಗಬಹುದು. ರಕ್ತನಿಧಿ ಎರಡು ಗಂಟೆಯ ದಾರಿಯಾಚೆ ಇದ್ದರೆ ಏನಾಗುತ್ತದೆಂಬುದನ್ನು ನೀವೇ ಲೆಕ್ಕ ಹಾಕಿ.

“ನಮ್ಮಲ್ಲಿ ಆಗದು” ಎನ್ನುವವರನ್ನು ನಂಬಿ

ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಒಳ್ಳೆಯ ನರ್ಸಿಂಗ್ ಹೋಂ ಎಂದರೆ ಎಲ್ಲವನ್ನೂ ಮಾಡುತ್ತೇವೆ ಎನ್ನುವಂಥದಲ್ಲ. ತನ್ನಿಂದ ಏನು ಆಗದು ಎಂಬುದನ್ನು ಬಲ್ಲದ್ದು, ಅದನ್ನು ಹೊತ್ತು ಮೀರುವ ಮುಂಚೆ ಹೇಳುವಂಥದು. ಹತ್ತು ಹಾಸಿಗೆಯ ಪುಟ್ಟ ಶುಶ್ರೂಷಾಲಯದ ಡಾಕ್ಟರು ಏಳನೆಯ ತಿಂಗಳಿನಲ್ಲಿಯೇ “ಈಕೆಗೆ ರಕ್ತದ ಒತ್ತಡ ಹೆಚ್ಚಿದೆ, ಹೆರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಆಗಲಿ” ಎಂದು ಚೀಟಿ ಬರೆದುಕೊಟ್ಟರೆ, ಬೇಸರ ಪಡಬೇಡಿ. ಅವರು ತಮ್ಮ ಸಂಪಾದನೆಯನ್ನು ಬಿಟ್ಟು ನಿಮ್ಮ ಮಗಳನ್ನು ಕಾಪಾಡಿದ್ದಾರೆ. “ಏನೂ ಭಯವಿಲ್ಲ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ” ಎಂಬ ಸಿಹಿ ಮಾತಿಗಿಂತ ಈ ಕಹಿ ಚೀಟಿ ಮೇಲು.

ಆದುದರಿಂದ ಹೀಗೆ ಕೇಳಿ: “ಯಾವ ಯಾವ ರೋಗಿಯನ್ನು ನೀವು ಬೇರೆ ಕಡೆ ಕಳಿಸುತ್ತೀರಿ? ಯಾವ ಊರಿಗೆ? ಯಾವ ವಾಹನದಲ್ಲಿ?” ಉತ್ತರ ತಡವರಿಸದೆ ಬಂದರೆ ಅವರು ಅದನ್ನು ಮೊದಲೇ ಯೋಚಿಸಿಟ್ಟಿದ್ದಾರೆಂದು ತಿಳಿಯಬಹುದು.

ಇದರ ಇನ್ನೊಂದು ಮಗ್ಗುಲೂ ಉಂಟು. ಬೇಡದ ಕಡೆ ಕತ್ತರಿ ಹಾಕುವುದೂ ತಪ್ಪೇ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕೂ ಮಿಕ್ಕು ಹೊಟ್ಟೆ ಕೊಯ್ದು ಆದವು. ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಕಡಿಮೆ. ಶಸ್ತ್ರಕ್ರಿಯೆ ಬೇಕೆಂದರೆ, ಏಕೆ ಬೇಕು, ಕಾಯ್ದರೆ ಏನಾಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ನಿಜವಾಗಿ ಅವಸರವಿದ್ದಾಗ ಮಾತ್ರ ವಾದಕ್ಕೆ ನಿಂತು ಹೊತ್ತು ಕಳೆಯಬೇಡಿ.

ಶುಚಿತ್ವವನ್ನು ಹೇಗೆ ನೋಡುವುದು?

ನೆಲ ತೊಳೆದಿದ್ದರೆ ಸಾಲದು. ಕಕ್ಕಸಿಗೆ ಹೋಗಿ ನೋಡಿ. ಅದು ಇಡೀ ಕಟ್ಟಡದ ಕನ್ನಡಿ. ಕೈ ತೊಳೆಯುವ ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸಾಬೂನು ಇವೆಯೇ? ನರ್ಸು ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ಹೋಗುವ ಮುಂಚೆ ಕೈ ಶುದ್ಧ ಮಾಡಿಕೊಳ್ಳುತ್ತಾಳೆಯೇ? ಸೂಜಿಯ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆಯುತ್ತಾಳೆಯೇ?

ಕಸದ ಡಬ್ಬಿಗಳನ್ನೂ ಗಮನಿಸಿ. ೨೦೧೬ರ ನಿಯಮದಂತೆ ಆಸ್ಪತ್ರೆಯ ಕಸವನ್ನು ಬಣ್ಣದಿಂದ ಬೇರ್ಪಡಿಸಬೇಕು: ರಕ್ತ ಹತ್ತಿದ ಬಟ್ಟೆ, ಹತ್ತಿ ಹಳದಿಗೆ; ಬಳಸಿದ ಪ್ಲಾಸ್ಟಿಕ್ ಕೊಳವೆಗಳು ಕೆಂಪಿಗೆ; ಸೂಜಿ, ಬ್ಲೇಡು ಚುಚ್ಚದಂಥ ಬಿಳಿ ಡಬ್ಬಿಗೆ; ಗಾಜು ನೀಲಿಗೆ. ಎಲ್ಲವೂ ಒಂದೇ ಬುಟ್ಟಿಯಲ್ಲಿದ್ದರೆ, ಅಥವಾ ಹಿತ್ತಲಲ್ಲಿ ಸೂಜಿಗಳು ಬಿದ್ದಿದ್ದರೆ, ಒಳಗಿನ ಶಿಸ್ತು ಎಷ್ಟೆಂಬುದು ತಿಳಿಯುತ್ತದೆ.

ಶಸ್ತ್ರಕ್ರಿಯೆಯ ಉಪಕರಣಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಆಗದು. ನಮ್ಮ ಮನೆಯ ಕುಕ್ಕರಿನಂಥದೇ ದೊಡ್ಡ ಯಂತ್ರವೊಂದಿದೆ, ಆಟೋಕ್ಲೇವ್ ಎಂದು ಹೆಸರು. ಅದರಲ್ಲಿ ಒತ್ತಡದ ಹಬೆಯನ್ನು ೧೨೧ ಡಿಗ್ರಿ ಶಾಖಕ್ಕೆ ಏರಿಸಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಇಡಬೇಕು. ಒಂದರ ಹಿಂದೊಂದು ಶಸ್ತ್ರಕ್ರಿಯೆ ಮಾಡುವ ಕಡೆ ಇದಕ್ಕೆ ಪುರಸೊತ್ತು ಎಲ್ಲಿಂದ ಬರಬೇಕು? ೨೦೧೪ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಸಂತಾನ ನಿಯಂತ್ರಣದ ಶಸ್ತ್ರಕ್ರಿಯೆ ಮಾಡಿದರು. ಆ ದಿನಗಳ ಶಿಬಿರಗಳಲ್ಲಿ ಪಾಲ್ಗೊಂಡ ೧೩ ಹೆಂಗಸರು ಸತ್ತರು. ಅವಸರವೂ ಶುದ್ಧಿಯ ಕೊರತೆಯೂ ಆಗ ದೂರಿಗೆ ಬಂದವು.

ಬೆಂಕಿ ಮತ್ತು ಹೊರದಾರಿ

ಆಸ್ಪತ್ರೆಯಲ್ಲಿ ಆಮ್ಲಜನಕವಿರುತ್ತದೆ, ವಿದ್ಯುತ್ ತಂತಿಗಳಿರುತ್ತವೆ, ಏಳಲಾರದ ರೋಗಿಗಳಿರುತ್ತಾರೆ. ೨೦೧೧ರ ಡಿಸೆಂಬರ್ ೯ರ ನಸುಕಿನಲ್ಲಿ ಕೋಲ್ಕತ್ತದ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಂಕಿ ಬಿದ್ದು ತೊಂಬತ್ತರಷ್ಟು ಜನ ಸತ್ತರು; ಹೆಚ್ಚಿನವರನ್ನು ಕೊಂದದ್ದು ಹೊಗೆ. ವಾಹನ ನಿಲ್ಲಿಸಲೆಂದಿದ್ದ ನೆಲಮಾಳಿಗೆಯಲ್ಲಿ ಹತ್ತಿ ಉರಿಯುವ ಸಾಮಾನನ್ನು ತುಂಬಿದ್ದರು. ಆದುದರಿಂದ ಮಹಡಿಯಿಂದ ಇಳಿಯಲು ಎರಡು ದಾರಿಗಳಿವೆಯೇ, ಮೆಟ್ಟಿಲ ಮೇಲೆ ಹಳೆಯ ಮಂಚ, ರಟ್ಟಿನ ಪೆಟ್ಟಿಗೆ ಒಟ್ಟಿದ್ದಾರೆಯೇ, ಕಿಟಕಿಗಳು ತೆರೆಯುತ್ತವೆಯೇ, ಬೆಂಕಿ ಆರಿಸುವ ಸಾಧನದ ಅವಧಿ ಮುಗಿದಿದೆಯೇ ಎಂಬುದನ್ನು ನೋಡಿ. ಕರೆಂಟು ಹೋದರೆ ಜನರೇಟರು ಉಂಟೇ ಎಂದೂ ಕೇಳಿ.

ವಯಸ್ಸಾದವರನ್ನು ಸೇರಿಸುವಾಗ

ಹಾಸಿಗೆ ಹಿಡಿದ ಮುದುಕರ ವಿಷಯದಲ್ಲಿ ಡಾಕ್ಟರಿಗಿಂತ ನರ್ಸಿನ ಕೈಗುಣವೇ ದೊಡ್ಡದು. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಬೆನ್ನು, ಸೊಂಟದ ಚರ್ಮ ಕೊಳೆತು ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆಯ ಕ್ರಮ. ಅಲ್ಲಿ ಈಗಾಗಲೇ ಮಲಗಿರುವ ವೃದ್ಧರನ್ನು ನೋಡಿ: ಬಾಯಿ ಒಣಗಿದೆಯೇ, ಬಟ್ಟೆ ಒದ್ದೆಯಾಗಿದೆಯೇ, ನೀರು ಕೈಗೆ ಎಟುಕುವಂತಿದೆಯೇ, ಮಂಚಕ್ಕೆ ಬೀಳದಂತೆ ಅಡ್ಡ ಕಂಬಿ ಇದೆಯೇ? ಅವರ ಮನೆಯವರೊಡನೆ ಎರಡು ಮಾತಾಡಿ. ಅಲ್ಲಿ ತಿಳಿಯುವಷ್ಟು ಬೋರ್ಡಿನಿಂದ ತಿಳಿಯದು.

ಹಣದ ವಿಚಾರ

ಹೊಲ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಸೇರಿಸುವಾಗಲೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಪ್ರತಿ ರೂಪಾಯಿಗೂ ರಸೀದಿ ಕೇಳಿ. ಬಿಡುಗಡೆಯ ದಿನ ರೋಗ, ಚಿಕಿತ್ಸೆ, ಔಷಧಿಗಳ ವಿವರವಿರುವ ಚೀಟಿ ಪಡೆಯದೆ ಹೊರಡಬೇಡಿ. ಪ್ರಾಣಾಪಾಯದ ತುರ್ತಿನಲ್ಲಿ ಮುಂಗಡ ಕಟ್ಟಿದರೇ ಚಿಕಿತ್ಸೆ ಎನ್ನುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿಗಾಗಿ ದೇಹವನ್ನು ತಡೆಹಿಡಿಯುವಂತಿಲ್ಲ. ಇವೆರಡೂ ಮೇಲೆ ಹೇಳಿದ ರಾಜ್ಯದ ಕಾಯಿದೆಯಲ್ಲಿಯೇ ಇವೆ.

ಸರ್ಕಾರಿ ಆಸ್ಪತ್ರೆಯನ್ನು ಮರೆಯಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ೨೦೧೧ರಲ್ಲಿ ಬಂದಂದಿನಿಂದ ಅಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಎಲ್ಲವೂ ಉಚಿತ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವುಂಟು. ತುರ್ತು ಇಲ್ಲದಾಗ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯ ಬಗ್ಗೆ ಸಂಘದ ಕಾರ್ಯದರ್ಶಿಯನ್ನು ಕೇಳಿ. ಅದರ ನೋಂದಣಿಗೆ ಗಡುವು ಇರುತ್ತದೆ. ನರ್ಸಿಂಗ್ ಹೋಂ ಈ ಯೋಜನೆಗಳ ಪಟ್ಟಿಯಲ್ಲಿದೆಯೇ ಎಂಬುದನ್ನೂ ಮೊದಲೇ ತಿಳಿಯಿರಿ.

ಅನ್ಯಾಯವಾದರೆ

ಮನಸ್ಸಿನಲ್ಲಿಯೇ ಕೊರಗಬೇಡಿ, ಕಲ್ಲೆಸೆಯಲೂ ಹೋಗಬೇಡಿ. ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಅಲ್ಲಿಗೆ ಬರೆದು ದೂರು ಕೊಡಿ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದರೆ ಗ್ರಾಹಕ ಆಯೋಗಕ್ಕೂ ಹೋಗಬಹುದೆಂಬುದು ಸುಪ್ರೀಂ ಕೋರ್ಟು ೧೯೯೫ರಲ್ಲಿ ಕೊಟ್ಟ ತೀರ್ಪಿನಿಂದ ಸ್ಪಷ್ಟವಾಗಿದೆ. ಎರಡು ಕಡೆಯೂ ರಸೀದಿ, ಚೀಟಿಗಳೇ ನಿಮ್ಮ ಸಾಕ್ಷಿ.

ಕೊನೆಯ ಮಾತು

ಮನೆಯಲ್ಲಿ ಬಸುರಿಯಿದ್ದರೆ, ವಯಸ್ಸಾದವರಿದ್ದರೆ, ಈ ವಾರದ ಸಂತೆಯ ದಿನವೇ ಹೋಗಿಬನ್ನಿ. ಹಳ್ಳಿಯ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ಯಾವ ಆಸ್ಪತ್ರೆಯಲ್ಲಿ ಏನು ನಡೆಯುತ್ತದೆಂಬುದು ಅವರಿಗೆ ಗೊತ್ತಿರುತ್ತದೆ. ನೋಡಿಬಂದ ಮೇಲೆ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದು ಬಾಗಿಲ ಹಿಂದೆ ಅಂಟಿಸಿ: ಮೊದಲು ಎಲ್ಲಿಗೆ, ಅಲ್ಲಿ ಆಗದಿದ್ದರೆ ಎಲ್ಲಿಗೆ, ಯಾವ ವಾಹನದಲ್ಲಿ. ಆಂಬುಲೆನ್ಸಿನ ೧೦೮ನ್ನೂ ದಪ್ಪಕ್ಷರದಲ್ಲಿ ಬರೆಯಿರಿ.

ಮೇಲೆ ಹೇಳಿದ ರೈತರ ಮನೆಯ ಬಾಗಿಲ ಹಿಂದೆ ಈಗ ಅಂಥದೊಂದು ಹಾಳೆ ಇದೆ. ಅವರ ಕಿರಿಯ ಸೊಸೆಗೆ ಈಗ ಆರು ತಿಂಗಳು.