ಗಣಕಯಂತ್ರದ ಪ್ರತಿಹಸ್ತಕ

ಮುಳಬಾಗಿಲು ಎಂಬ ಹೆಸರು ‘ಮೂಡಲ ಬಾಗಿಲು’ ಎಂಬುದರಿಂದ ಬಂದಿತೆಂದು ಬಲ್ಲವರು ಹೇಳುತ್ತಾರೆ. ಮೂಡಣದಿಂದ ನಾಡನ್ನು ಹೊಗುವವರಿಗೂ, ನಾಡಿನಿಂದ ಮೂಡಣಕ್ಕೆ ಹೊರಡುವವರಿಗೂ ಈ ಊರೇ ಹೆಬ್ಬಾಗಿಲು. ಬಾಗಿಲನ್ನೇ ಹೆಸರಾಗಿ ಪಡೆದ ಊರಿನ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಬಾಗಿಲುಗಳ ವಿಚಾರ ಕಠಿನವೆನಿಸಲಾರದು. ಗಣಕದಲ್ಲಿರುವ ಒಂದೊಂದು ತಂತ್ರಾಂಶವೂ ಹೊರಜಗತ್ತಿನೊಡನೆ ಮಾತನಾಡಲು ತನ್ನದೇ ಆದ ಬಾಗಿಲನ್ನು ತೆರೆದುಕೊಳ್ಳುತ್ತದೆ; ಅದಕ್ಕೆ ಪೋರ್ಟ್ ಎಂದು ಹೆಸರು, ಒಂದು ಸಂಖ್ಯೆಯೇ ಅದರ ಗುರುತು. ಈ ತಂತ್ರಾಂಶಗಳ ಪೈಕಿ ಒಂದನ್ನು ಮಾತ್ರ ನಡುವಣ ಬೇರೊಂದು ಯಂತ್ರದ ಮೂಲಕ ಕಳುಹಿಸಿ, ಉಳಿದುವನ್ನು ನೇರವಾಗಿಯೇ ಹೋಗಗೊಡುವುದು ಹೇಗೆಂಬುದೇ ಇಲ್ಲಿಯ ವಿಷಯ. ನಡುವಣ ಆ ಯಂತ್ರವನ್ನು ಪ್ರಾಕ್ಸಿ ಸರ್ವರ್ ಎನ್ನುತ್ತಾರೆ.

ಪ್ರಾಕ್ಸಿ ಎಂಬ ಶಬ್ದಕ್ಕೆ ನಮ್ಮ ವಿದ್ಯಾರ್ಥಿವೃಂದದಲ್ಲಿ ಒಳ್ಳೆಯ ಹೆಸರಿಲ್ಲ. ಬಾರದ ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ ‘ಪ್ರೆಸೆಂಟ್ ಸಾರ್’ ಎಂದು ಕೂಗುವ ಕಳ್ಳ ಹಾಜರಿಗೆ ಆ ಹೆಸರು ಅಂಟಿಕೊಂಡಿದೆ. ಶಬ್ದದ ಮೂಲಾರ್ಥ ಅಷ್ಟು ಹೀನವಲ್ಲ. ಲ್ಯಾಟಿನ್ ಮೂಲದ ಪ್ರೊಕ್ಯುರಸಿ ಎಂಬುದು ಸವೆದು ಪ್ರಾಕ್ಸಿಯಾಯಿತು. ಒಬ್ಬನ ಕಾರ್ಯವನ್ನು ಅವನ ಒಪ್ಪಿಗೆಯಿಂದ ಮತ್ತೊಬ್ಬನು ನಿರ್ವಹಿಸುವುದೆಂದು ಅದರ ಅರ್ಥ. ಸಂಸ್ಕೃತದಲ್ಲಿ ಇದಕ್ಕೆ ಸರಿಹೊಂದುವ ‘ಪ್ರತಿಹಸ್ತಕ’ ಎಂಬ ಸೊಗಸಾದ ಶಬ್ದವಿದೆ. ಒಂದು ಕೈಗೆ ಬದಲಾಗಿ ನಿಲ್ಲುವ ಕೈ ಎಂಬ ಭಾವವು ಅದರಲ್ಲಿ ಸ್ಫುಟವಾಗಿದೆ.

ಪ್ರತಿಹಸ್ತಕನ ಕಾರ್ಯ ಹೀಗೆ. ಸಾಧಾರಣವಾಗಿ ನಮ್ಮ ಗಣಕವು ಒಂದು ಜಾಲತಾಣವನ್ನು ಕೇಳಿದಾಗ, ಕೇಳಿದವರಾರೆಂಬುದನ್ನು ಐಪಿ ವಿಳಾಸವೆಂಬ ಸಂಖ್ಯೆಯಿಂದ ಆ ತಾಣವು ಅರಿಯುತ್ತದೆ. ನಡುವೆ ಪ್ರಾಕ್ಸಿ ಇದ್ದರೆ ನಮ್ಮ ಕೋರಿಕೆ ಮೊದಲು ಅದಕ್ಕೆ ತಲಪುತ್ತದೆ. ಅದು ತನ್ನ ಹೆಸರಿನಲ್ಲಿ ಕೇಳಿ, ಬಂದ ಉತ್ತರವನ್ನು ನಮಗೆ ಒಪ್ಪಿಸುತ್ತದೆ. ತಾಣಕ್ಕೆ ಕಾಣುವುದು ಪ್ರಾಕ್ಸಿಯ ವಿಳಾಸವೇ ಹೊರತು ನಮ್ಮದಲ್ಲ. ಹಿಂದೆ ಇಪ್ಪತ್ತು ಮೂವತ್ತು ಗಣಕಗಳಿದ್ದ ಶಾಲೆ ಕಾಲೇಜುಗಳಲ್ಲಿ ಇದರಿಂದ ಇನ್ನೊಂದು ಅನುಕೂಲವೂ ಇದ್ದಿತು. ದಾಸೋಹದ ಅಡುಗೆಮನೆಯಲ್ಲಿ ಒಮ್ಮೆ ಬೇಯಿಸಿದ ಅನ್ನವನ್ನು ನೂರು ಎಲೆಗಳಿಗೆ ಬಡಿಸುವಂತೆ, ಒಬ್ಬನು ತರಿಸಿದ ಪುಟವನ್ನು ಪ್ರಾಕ್ಸಿಯು ಕಾದಿರಿಸಿಕೊಂಡು ಉಳಿದವರಿಗೂ ನೀಡುತ್ತಿತ್ತು. ಬಹುಪಾಲು ತಾಣಗಳು ಈಗ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಕ್ರಮವನ್ನು ಅನುಸರಿಸುವುದರಿಂದ ಆ ಉಪಯೋಗ ಬಹಳಮಟ್ಟಿಗೆ ಹಿಂದೆ ಸರಿದಿದೆ.

ವಿದ್ವತ್ಕ್ಷೇತ್ರದಲ್ಲಿ ಪ್ರತಿಹಸ್ತಕನ ಅಗತ್ಯ ಇಂದಿಗೂ ದೊಡ್ಡದು. ಸಂಶೋಧನ ಪತ್ರಿಕೆಗಳ ಪ್ರಕಾಶಕರು ಚಂದಾ ಕೊಟ್ಟ ವಿಶ್ವವಿದ್ಯಾಲಯವನ್ನು ಅನೇಕವೇಳೆ ಅದರ ಐಪಿ ವಿಳಾಸದಿಂದಲೇ ಗುರುತಿಸುತ್ತಾರೆ. ಆವರಣದೊಳಗೆ ಕುಳಿತವನಿಗೆ ಬಾಗಿಲು ತೆರೆದಿದೆ. ಅದೇ ವಿದ್ಯಾರ್ಥಿ ರಜೆಯಲ್ಲಿ ಊರಿಗೆ ಬಂದು ಕುಳಿತರೆ ಮುಚ್ಚಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು 2010ರಲ್ಲಿ ಕಾಲೇಜುಗಳಿಗಾಗಿ ಎನ್-ಲಿಸ್ಟ್ ಯೋಜನೆಯನ್ನು ತೊಡಗಿದಾಗ ಅನುಸರಿಸಿದ ಉಪಾಯವೂ ಇದೇ ಜಾತಿಯದು: ಕಾಲೇಜಿನವರು ತಮ್ಮ ಗುರುತನ್ನು ಕೇಂದ್ರದ ಸರ್ವರಿನಲ್ಲಿ ಸ್ಥಾಪಿಸಿ, ಅಲ್ಲಿಂದ ಪ್ರಕಾಶಕರ ಲೇಖನಗಳನ್ನು ಪಡೆಯತಕ್ಕದ್ದು. ಗ್ರಾಮಾಂತರದ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ.

ಮುಳಬಾಗಿಲಿನ ಮನೆಯೊಂದರಲ್ಲಿ ಕುಳಿತ ಸಂಶೋಧನ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ವಿಶ್ವವಿದ್ಯಾಲಯವು ಹೊರಗಿನಿಂದ ಪ್ರಾಕ್ಸಿಯನ್ನು ಬಳಸಲು ಅನುಮತಿಯನ್ನೂ ಗುಪ್ತಪದವನ್ನೂ ಕೊಟ್ಟಿದೆ. ಪತ್ರಿಕೆಗಳನ್ನು ಓದುವ ಬ್ರೌಸರಿಗೆ ಅದು ಬೇಕು. ತಂದೆಯ ಬ್ಯಾಂಕಿನ ವ್ಯವಹಾರಕ್ಕೆ, ತಮ್ಮನ ಪಾಠದ ವಿಡಿಯೋಗೆ, ಬಂಧುಗಳೊಡನೆ ಮಾತುಕತೆಗೆ ಅದು ಬೇಡ. ಎಲ್ಲವನ್ನೂ ಆ ದಾರಿಗೇ ಹಚ್ಚಿದರೆ ವೇಗ ಕುಂದುತ್ತದೆ, ಕೆಲವು ಕಾರ್ಯಗಳು ನಿಂತೇಹೋಗುತ್ತವೆ, ಮನೆಯವರೆಲ್ಲರ ಓಡಾಟವೂ ಪರಸಂಸ್ಥೆಯೊಂದರ ದಾಖಲೆಯಲ್ಲಿ ಸೇರುತ್ತದೆ. ಒಂದು ಸರ್ವೆ ನಂಬರಿನ ಕೆಲಸಕ್ಕೆಂದು ಊರಿನ ಯಾವ ರೈತನೂ ತನ್ನ ಸಮಸ್ತ ಆಸ್ತಿಗೂ ಮುಖ್ತ್ಯಾರ್‌ನಾಮೆ ಬರೆದುಕೊಡುವುದಿಲ್ಲವಷ್ಟೆ. ವ್ಯಾಕರಣದಲ್ಲಿಯೂ ಹಾಗೆಯೇ: ‘ಮಳೆ’ ‘ಕಾಲ’ಗಳು ಸೇರಿ ‘ಮಳೆಗಾಲ’ವಾಗುವಾಗ ಕಕಾರದ ಸ್ಥಾನದಲ್ಲಿ ಗಕಾರವು ಆದೇಶವಾಗಿ ಬರುತ್ತದೆ, ಉಳಿದ ಅಕ್ಷರಗಳ ತಂಟೆಗೆ ಅದು ಹೋಗುವುದಿಲ್ಲ.

ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಎಂಬ ವಿಭಾಗವಿದೆ. ಅಲ್ಲಿ ವಿಳಾಸವನ್ನು ಬರೆದುಬಿಟ್ಟರೆ ಗಣಕದ ಸಮಸ್ತವೂ ಪ್ರಾಕ್ಸಿಯ ಮೂಲಕವೇ ಹೋಗುವುದೆಂದು ಹಲವರು ಭಾವಿಸುತ್ತಾರೆ. ಅದು ತಪ್ಪು. ಅಲ್ಲಿಯ ಬರಹವು ಕಟ್ಟಪ್ಪಣೆಯಲ್ಲ, ಸೂಚನಾಫಲಕದ ಪ್ರಕಟಣೆ. ಓದಿ ನಡೆಯುವ ತಂತ್ರಾಂಶಗಳುಂಟು, ಕಣ್ಣೆತ್ತಿಯೂ ನೋಡದವುಗಳುಂಟು. ಆದ್ದರಿಂದ ಅಲ್ಲಿ ಬರೆದರೆ ಬೇಡವಾದದ್ದು ಪ್ರಾಕ್ಸಿಗೆ ಹೋಗಿ, ಬೇಕಾದದ್ದು ನೇರವಾಗಿ ಹೋಗುವ ವಿಪರೀತವೂ ಸಂಭವಿಸಬಹುದು.

ಅತ್ಯುತ್ತಮವಾದ ಮಾರ್ಗವೆಂದರೆ ತಂತ್ರಾಂಶದ ಒಳಗಣ ಏರ್ಪಾಡನ್ನೇ ಬಳಸುವುದು. ಫೈರ್‌ಫಾಕ್ಸ್ ಬ್ರೌಸರು ಈ ವಿಷಯದಲ್ಲಿ ಸ್ವತಂತ್ರವಾದುದು. ಅದರ ಸೆಟ್ಟಿಂಗ್ಸ್‌ನ ಜನರಲ್ ಪುಟದ ಕೊನೆಯಲ್ಲಿರುವ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಪ್ರಾಕ್ಸಿಯ ವಿಳಾಸವನ್ನೂ ಪೋರ್ಟಿನ ಸಂಖ್ಯೆಯನ್ನೂ ಬರೆಯಬಹುದು. ಗಣಕದ ಉಳಿದ ಭಾಗಕ್ಕೆ ಅದರ ಸೋಂಕಿಲ್ಲ. ಯಾವ ತಾಣಗಳಿಗೆ ಪ್ರಾಕ್ಸಿ ಬೇಡವೆಂಬ ಪಟ್ಟಿಯನ್ನೂ ಅಲ್ಲಿಯೇ ಕೊಡಬಹುದು. ಕ್ರೋಮ್ ಬ್ರೌಸರು ಸಾಮಾನ್ಯವಾಗಿ ವಿಂಡೋಸಿನ ಸೂಚನೆಯನ್ನೇ ಅನುಸರಿಸುತ್ತದೆ. ಹೀಗಾಗಿ ನಮ್ಮ ವಿದ್ಯಾರ್ಥಿನಿಯು ಫೈರ್‌ಫಾಕ್ಸನ್ನು ಅಧ್ಯಯನಕ್ಕೂ ಕ್ರೋಮನ್ನು ಮನೆವಾರ್ತೆಗೂ ಮೀಸಲಿಟ್ಟರೆ ಸಮಸ್ಯೆಯ ಮುಕ್ಕಾಲು ಪಾಲು ಅಲ್ಲಿಗೇ ತೀರಿತು.

ಇಂಥ ಏರ್ಪಾಡಿಲ್ಲದ ತಂತ್ರಾಂಶಗಳ ಗತಿಯೇನು? ಲಿನಕ್ಸಿನಲ್ಲಿ ಒಂದು ಟರ್ಮಿನಲ್ ಕಿಟಕಿಯಲ್ಲಿ ಪ್ರಾಕ್ಸಿಯ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ನಮೂದಿಸಿದರೆ, ಅಲ್ಲಿಂದ ಹೊರಟ ತಂತ್ರಾಂಶಗಳು ಮಾತ್ರ ಅದನ್ನು ತಂದೆಯಿಂದ ಮಕ್ಕಳಿಗೆ ಬರುವ ಆಸ್ತಿಯಂತೆ ಪಡೆಯುತ್ತವೆ. ಅದನ್ನೂ ಮನ್ನಿಸದವುಗಳಿಗೆ ಬಲಾತ್ಕಾರವೇ ಮದ್ದು. ವಿಂಡೋಸಿನಲ್ಲಿ ಪ್ರಾಕ್ಸಿಫೈಯರ್, ಲಿನಕ್ಸಿನಲ್ಲಿ ಪ್ರಾಕ್ಸಿಚೈನ್ಸ್ ಎಂಬ ಉಪಕರಣಗಳು ಪ್ರಸಿದ್ಧವಾಗಿವೆ. ತಂತ್ರಾಂಶವು ‘ಇಂಥ ವಿಳಾಸಕ್ಕೆ ಸಂಪರ್ಕ ಕಲ್ಪಿಸು’ ಎಂದು ಹೇಳುವ ಕ್ಷಣದಲ್ಲಿ ಇವು ಆ ಮಾತನ್ನು ನಡುವಿನಲ್ಲಿಯೇ ತಡೆದು ಪ್ರಾಕ್ಸಿಯ ಕಡೆಗೆ ತಿರುಗಿಸುತ್ತವೆ. ತಂತ್ರಾಂಶಕ್ಕೆ ಅದರ ಅರಿವೇ ಇರುವುದಿಲ್ಲ. ಚತುರವಾದ ಉಪಾಯವೇನೋ ಹೌದು, ಸರ್ವತ್ರ ಸಲ್ಲುವುದಲ್ಲ. ಪ್ರಾಕ್ಸಿಚೈನ್ಸ್ ಹಿಡಿಯುವುದು ಹಂಚಿಕೆಯ ಗ್ರಂಥಾಲಯದ ಮೂಲಕ ಹೋಗುವ ಕರೆಗಳನ್ನು; ಆ ಗ್ರಂಥಾಲಯವನ್ನೇ ಅವಲಂಬಿಸದೆ ರಚಿತವಾದ ತಂತ್ರಾಂಶಗಳು ಅದರ ಕೈಗೆ ಸಿಕ್ಕುವುದಿಲ್ಲ.

ಪ್ರತಿಹಸ್ತಕರಲ್ಲಿಯೂ ಎರಡು ಪಂಗಡಗಳಿವೆ. ಎಚ್‌ಟಿಟಿಪಿ ಪ್ರಾಕ್ಸಿಯು ಜಾಲತಾಣಗಳ ಭಾಷೆಯನ್ನು ಬಲ್ಲುದು. 1996ರಲ್ಲಿ ಐದನೆಯ ಆವೃತ್ತಿಯ ನಿಯಮಾವಳಿಯನ್ನು ಪಡೆದ ಸಾಕ್ಸ್ ಎಂಬುದು ಭಾಷೆಯ ಗೊಡವೆಗೆ ಹೋಗದೆ, ಕೊಟ್ಟ ಗಂಟನ್ನು ಬಿಚ್ಚದೆ ಮುಟ್ಟಿಸುತ್ತದೆ. ಆದುದರಿಂದ ಅಂಚೆ, ಸಂದೇಶ ಮುಂತಾದ ಬಗೆಬಗೆಯ ತಂತ್ರಾಂಶಗಳಿಗೆ ಅದು ಹೊಂದುತ್ತದೆ. ರೂಢಿಯಲ್ಲಿ ಅದರ ಬಾಗಿಲ ಸಂಖ್ಯೆ 1080; ಎಚ್‌ಟಿಟಿಪಿ ಪ್ರಾಕ್ಸಿಗೆ 3128 ಅಥವಾ 8080.

ಸಾಕ್ಸ್ ಬಳಸುವವರು ಒಂದು ಸೂಕ್ಷ್ಮವನ್ನು ಮರೆಯಬಾರದು. ತಾಣದ ಹೆಸರನ್ನು ಐಪಿ ಸಂಖ್ಯೆಗೆ ಪರಿವರ್ತಿಸಿಕೊಳ್ಳುವ ಡಿಎನ್‌ಎಸ್ ವಿಚಾರಣೆಯೊಂದು ಪ್ರತಿ ಸಂಪರ್ಕಕ್ಕೂ ಮೊದಲು ನಡೆಯುತ್ತದೆ. ಗಂಟು ಪ್ರಾಕ್ಸಿಯ ಮೂಲಕ ಹೋದರೂ ಈ ವಿಚಾರಣೆ ನೇರವಾಗಿ ಹೊರಬಿದ್ದರೆ, ಯಾರ ಮನೆಗೆ ಹೊರಟಿದ್ದೇವೆಂಬುದನ್ನು ಬೀದಿಯಲ್ಲಿ ಕೂಗಿ ಕೇಳಿ ಆಮೇಲೆ ಗುಟ್ಟಾಗಿ ಹೋದಂತಾಯಿತು. ಇದನ್ನು ಪ್ರಾಕ್ಸಿಗೇ ಒಪ್ಪಿಸುವ ಆಯ್ಕೆಯೊಂದು ಫೈರ್‌ಫಾಕ್ಸಿನ ಅದೇ ಪುಟದಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾದುದು ಪ್ರತಿಹಸ್ತಕನು ಯಾರೆಂಬುದು. ಪ್ರಾಕ್ಸಿ ಎಂದಮಾತ್ರಕ್ಕೆ ಗೋಪ್ಯತೆ ದೊರೆಯಿತೆಂದು ತಿಳಿಯಲಾಗದು. ಗೂಢಲಿಪಿಯನ್ನು ಅದು ತಾನಾಗಿ ಒದಗಿಸುವುದಿಲ್ಲ. ತಾಣವು ಎಚ್‌ಟಿಟಿಪಿಎಸ್ ಕ್ರಮದ್ದಾದರೆ ಪ್ರಾಕ್ಸಿಗೆ ಒಳಗಿನ ಬರಹ ಕಾಣದು, ಆದರೆ ಯಾವ ತಾಣಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಹೋದರೆಂಬುದು ಕಾಣುತ್ತದೆ. ಆ ಕ್ರಮವಿಲ್ಲದ ತಾಣವಾದರೆ ಸರ್ವವೂ ತೆರೆದ ಪುಸ್ತಕ. ಪುಕ್ಕಟೆಯಾಗಿ ದೊರೆಯುವ ಅನಾಮಧೇಯ ಪ್ರಾಕ್ಸಿಗಳ ಪಟ್ಟಿಗಳನ್ನು ಹುಡುಕಿ, ಪರೀಕ್ಷೆಯ ಅರ್ಜಿ, ಆಧಾರ್ ಸಂಖ್ಯೆ, ಬ್ಯಾಂಕಿನ ಗುಪ್ತಪದಗಳನ್ನು ಅವುಗಳ ದಾರಿಯಲ್ಲಿ ಕಳುಹಿಸುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು. ಗುರುತಿಲ್ಲದ ಅಂಥ ಪ್ರಾಕ್ಸಿಯು ತನ್ನ ಸರ್ಟಿಫಿಕೇಟನ್ನು ಗಣಕದಲ್ಲಿ ಸ್ಥಾಪಿಸಿಕೊಳ್ಳಿರೆಂದು ಕೇಳಿದರೆ ಸುತರಾಂ ಒಪ್ಪಬಾರದು. ಒಪ್ಪಿದರೆ ಎಚ್‌ಟಿಟಿಪಿಎಸ್ ತಾಣಗಳ ಒಳಬರಹವನ್ನೂ ಅದು ಓದಬಲ್ಲುದು.

ಏರ್ಪಾಡು ಮುಗಿದ ಬಳಿಕ ಪರೀಕ್ಷಿಸುವುದು ಸುಲಭ. ಐಪಿ ವಿಳಾಸವನ್ನು ತೋರಿಸುವ ಯಾವುದಾದರೊಂದು ತಾಣವನ್ನು ಎರಡು ಬ್ರೌಸರುಗಳಲ್ಲಿಯೂ ತೆರೆದು ನೋಡಬೇಕು. ಅಧ್ಯಯನದ ಬ್ರೌಸರಿನಲ್ಲಿ ಪ್ರಾಕ್ಸಿಯದೂ ಮನೆವಾರ್ತೆಯದರಲ್ಲಿ ಮನೆಯದೂ ಕಾಣಬೇಕು. ಇತರ ತಂತ್ರಾಂಶಗಳಿಗೆ ಇನ್ನೊಂದು ಪರೀಕ್ಷೆಯಿದೆ. ಪ್ರಾಕ್ಸಿಯ ಪೋರ್ಟ್ ಸಂಖ್ಯೆಯನ್ನು ಬೇಕೆಂದೇ ತಪ್ಪಾಗಿ ಬರೆದು ತಂತ್ರಾಂಶವನ್ನು ಮತ್ತೆ ತೆರೆಯಬೇಕು. ಸಂಪರ್ಕ ಕಡಿದರೆ ಅದು ಪ್ರಾಕ್ಸಿಯ ದಾರಿಯಲ್ಲಿಯೇ ಇದೆ. ಏನೂ ಆಗದಂತೆ ಕೆಲಸ ಮುಂದುವರಿದರೆ, ಅದು ಇಷ್ಟು ದಿನವೂ ಬೇರೆ ಬಾಗಿಲಿನಿಂದಲೇ ಹೋಗಿ ಬರುತ್ತಿದ್ದಿತೆಂದು ತಿಳಿಯಬೇಕು.