ಕೇಬಲ್ ಬಿಲ್ಲು: ನಂಬಿಕೆ ಒಂದು, ನಿಯಮ ಇನ್ನೊಂದು

‘ದರ ಸರ್ಕಾರವೇ ಗೊತ್ತುಮಾಡಿದ್ದು, ನಾವೇನು ಮಾಡೋಕಾಗುತ್ತೆ?’ ಕೇಬಲ್ ಬಿಲ್ಲು ಏರಿದಾಗಲೆಲ್ಲ ಕೇಳಿಬರುವ ಮಾತಿದು. ಈ ನಂಬಿಕೆಗೆ ಕಾರಣವೂ ಇದೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಜಾರಿಯಾದಾಗ ಮೊದಲ 100 ಚಾನೆಲ್‌ಗಳ ನೆಟ್‌ವರ್ಕ್ ಶುಲ್ಕ 130 ರೂಪಾಯಿ ಮೀರುವಂತಿರಲಿಲ್ಲ. ಶೇ 18ರ ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಆದರೆ 2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದುಹಾಕಿತು. ಈಗ ಆ ಶುಲ್ಕ ಎಷ್ಟೆಂಬುದು ಕೇಬಲ್ ಅಥವಾ ಡಿಟಿಎಚ್ ಕಂಪನಿಗೆ ಬಿಟ್ಟದ್ದು.

ಚಾನೆಲ್‌ಗಳ ಬೆಲೆ ಬೇರೆಯೇ ಲೆಕ್ಕ. ಅದನ್ನು ಗೊತ್ತುಮಾಡುವುದು ಪ್ರಸಾರ ಸಂಸ್ಥೆಗಳು. ಹಾಗಿದ್ದೂ ಎಷ್ಟೋ ಜನಪ್ರಿಯ ಚಾನೆಲ್‌ಗಳು ಸರಿಯಾಗಿ 19 ರೂಪಾಯಿಗೇ ಬಂದು ನಿಂತದ್ದು ಆಕಸ್ಮಿಕವಲ್ಲ. 19 ರೂಪಾಯಿ ದಾಟಿದ ಚಾನೆಲನ್ನು ಪ್ಯಾಕ್‌ಗೆ ಸೇರಿಸುವಂತಿಲ್ಲ ಎಂಬ ನಿಯಮವಿದೆ. 2020ರಲ್ಲಿ 12ಕ್ಕೆ ಇಳಿಸಿದ್ದ ಈ ಮಿತಿಯನ್ನು 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೆ ಏರಿಸಲಾಯಿತು. ಪ್ಯಾಕ್‌ನಿಂದ ಹೊರಬಿದ್ದ ಚಾನೆಲ್ ತಲುಪುವ ಮನೆಗಳು ಕಡಿಮೆಯಾಗುತ್ತವೆ, ಜಾಹೀರಾತಿನ ಆದಾಯವೂ ತಗ್ಗುತ್ತದೆ.

ಪ್ಯಾಕ್ ತೆಗೆದುಕೊಳ್ಳಲೇಬೇಕು ಎಂಬುದೂ ತಪ್ಪು. ಪ್ರತಿ ಚಾನೆಲನ್ನೂ ಬಿಡಿಯಾಗಿ ಕೊಡಲೇಬೇಕು. ಪ್ಯಾಕ್ ಯಾವಾಗಲೂ ಅಗ್ಗ ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಪ್ರಸಾರ ಸಂಸ್ಥೆ ತನ್ನ ಪ್ಯಾಕ್ ಮೇಲೆ ಹೆಚ್ಚೆಂದರೆ ಶೇ 45ರಷ್ಟು ರಿಯಾಯಿತಿ ಕೊಡಬಹುದು; ಬಿಡಿಯಾಗಿ 100 ರೂಪಾಯಿ ಆಗುವ ಚಾನೆಲ್‌ಗಳು ಆಗ 55ಕ್ಕೆ ಸಿಗುತ್ತವೆ. ಅದರಲ್ಲಿ ತಲಾ 19 ರೂಪಾಯಿಯ ಎರಡೇ ಚಾನೆಲ್ ನೋಡುವ ಮನೆಗೆ ಬಿಡಿಯಾಗಿ ತೆಗೆದುಕೊಂಡರೆ ತಗಲುವುದು 38. ತೆರಿಗೆ ಎರಡಕ್ಕೂ ಇದೆ.

ಹೆಚ್ಚು ಜಗಳಕ್ಕೆ ಕಾರಣವಾಗುವುದು ಕ್ರಿಕೆಟ್. ‘ಭಾರತದ ಮ್ಯಾಚು ಡಿಡಿಯಲ್ಲಿ ಬರುತ್ತಂತೆ, ನಮ್ಮ ಕೇಬಲ್‌ನವನು ಯಾಕೆ ಹಾಕಲ್ಲ?’ ಎಂದು ಕೇಳುವವರು ಊರೂರಲ್ಲೂ ಇದ್ದಾರೆ. ತಪ್ಪು ಕೇಬಲ್‌ನವನದಲ್ಲ. ರಾಷ್ಟ್ರೀಯ ಮಹತ್ವದವೆಂದು ಸರ್ಕಾರ ಅಧಿಸೂಚಿಸಿದ ಪಂದ್ಯಗಳ ನೇರಪ್ರಸಾರವನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಹಾಗೆ ಹಂಚಿಕೊಂಡದ್ದನ್ನು ದೂರದರ್ಶನದ ಸ್ವಂತ ಭೂ ಪ್ರಸಾರ ಜಾಲ ಮತ್ತು ಅದರದೇ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗಳಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಕೋಟಿಗಟ್ಟಲೆ ಸುರಿದು ಹಕ್ಕು ಕೊಂಡವರ ಆತಂಕ ಅರ್ಥವಾಗುವಂಥದ್ದೇ. ಆದರೂ ಪಂದ್ಯ ಆದಷ್ಟು ಹೆಚ್ಚು ಜನರಿಗೆ ಮುಟ್ಟಲಿ ಎಂಬುದೇ ಕಾಯ್ದೆಯ ಉದ್ದೇಶವಾಗಿದ್ದಾಗ, ಕೇಬಲ್ ಒಂದನ್ನೇ ನಂಬಿದ ಬಡ ಮನೆಗಳು ಹೊರಗುಳಿದದ್ದು ಬೇಸರದ ಸಂಗತಿ.

ಫ್ರೀ ಡಿಶ್ ನಿಜಕ್ಕೂ ಉಚಿತವೇ? ತಿಂಗಳ ಬಾಡಿಗೆಯಿಲ್ಲ, ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರಾಯಿತು. 2004ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಸೇವೆಯಲ್ಲಿ ಡಿಡಿ ಚಂದನ ಬರುತ್ತದೆ. ಖಾಸಗಿ ಚಾನೆಲ್‌ಗಳು ಇಲ್ಲಿ ಹರಾಜಿನಲ್ಲಿ ಜಾಗ ಕೊಳ್ಳಬೇಕು, ಹಾಗೆ ಬಂದವುಗಳಲ್ಲಿ ಹಿಂದಿಯವೇ ಹೆಚ್ಚು. ಸಂಜೆಯ ಕನ್ನಡ ಧಾರಾವಾಹಿ ಬಿಡಲಾರದ ಮನೆಯವರು ಇದನ್ನು ಯೋಚಿಸಿಯೇ ಕೇಬಲ್ ತೆಗೆಸಬೇಕು.

ಬಿಲ್ಲಿನಲ್ಲಿ ಕೇಳದ ಪ್ಯಾಕ್ ಸೇರಿದ್ದರೆ ನೇರ ಟ್ರಾಯ್‌ಗೆ ಬರೆದರೆ ಸಾಕೆಂದುಕೊಳ್ಳುವವರೂ ಇದ್ದಾರೆ. ಟ್ರಾಯ್ ಒಬ್ಬೊಬ್ಬರ ದೂರನ್ನು ಇತ್ಯರ್ಥ ಮಾಡುವ ಸಂಸ್ಥೆಯಲ್ಲ. ಮೊದಲು ಕಂಪನಿಯ ಸಹಾಯವಾಣಿಯಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಬೇಕು.