ಕೆಮ್ಮಿನ ಔಷಧದ ಸೀಸೆ: ಕ್ಷಯರೋಗದ ಚರಿತ್ರೆಯಲ್ಲಿ ಆರೋಗ್ಯದ ಕಲ್ಪನೆಯೂ ವ್ಯವಸ್ಥೆಯೂ

ನಾವು ನಿತ್ಯವೂ ಬಳಸುವ ‘ಆರೋಗ್ಯ’ವೆಂಬ ಶಬ್ದವು ಮೂಲತಃ ನಿಷೇಧಾರ್ಥದ್ದು, ರೋಗವಿಲ್ಲದಿರುವಿಕೆ ಎಂದಷ್ಟೇ ಅದು ಹೇಳುತ್ತದೆ. ಆಯುರ್ವೇದದ ‘ಸ್ವಸ್ಥ’ನಾದರೋ ತನ್ನಲ್ಲಿ ತಾನು ನೆಲೆನಿಂತವನು, ದೋಷ, ಅಗ್ನಿ, ಧಾತುಗಳ ಸಮತೆಯೊಡನೆ ಮನಸ್ಸು ಇಂದ್ರಿಯಗಳ ಪ್ರಸನ್ನತೆಯನ್ನೂ ಸುಶ್ರುತಸಂಹಿತೆಯು ಅವನ ಲಕ್ಷಣದಲ್ಲಿ ಸೇರಿಸಿದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ಕೇವಲ ರೋಗದ ಅಭಾವವಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮದ ಪೂರ್ಣಸ್ಥಿತಿ ಎಂದು ಸಾರಿತು. ‘ಆರೋಗ್ಯವು ಅರೋಗವಲ್ಲ’ ಎಂದು ಬರೆಯಬೇಕಾಗಿ ಬಂದ ಕನ್ನಡ ಅನುವಾದಕನ ಪೇಚಾಟವನ್ನು ವಾಚಕರು ಊಹಿಸಬಹುದು.

ಆದರೆ ಲಕ್ಷಣವಾಕ್ಯಗಳಿಂದ ಯಾವ ಚಿಕಿತ್ಸಾಲಯದ ಬಾಗಿಲೂ ತೆರೆಯುವುದಿಲ್ಲ. ಯಾವ ಕಲ್ಪನೆಯು ಎಂತಹ ವ್ಯವಸ್ಥೆಯನ್ನು ಕಟ್ಟಿತೆಂಬುದನ್ನು ಒಂದೇ ರೋಗದ ಚರಿತ್ರೆಯಲ್ಲಿ ನೋಡುವುದು ಲೇಸು. ಅದಕ್ಕೆ ಕ್ಷಯವನ್ನೇ ಆರಿಸಿಕೊಂಡಿದ್ದೇನೆ. ಏಕೆಂದರೆ ಈ ರೋಗದ ವಿಷಯದಲ್ಲಿ ಲೋಕದ ತಿಳುವಳಿಕೆಯನ್ನು ತಿದ್ದಿದ ಎರಡು ಶೋಧಗಳು ಚೆನ್ನೈಯಲ್ಲಿಯೂ ತುಮಕೂರು ಜಿಲ್ಲೆಯಲ್ಲಿಯೂ ನಡೆದವು.

ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಕಂಡುಹಿಡಿದಿದ್ದರೂ ಪರಿಣಾಮಕಾರಿಯಾದ ಔಷಧಕ್ಕೆ ಅರುವತ್ತು ವರ್ಷಗಳಿಗೂ ಮಿಕ್ಕಿ ಕಾಯಬೇಕಾಯಿತು. ಆವರೆಗೆ ಸ್ವಚ್ಛವಾದ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇವೇ ಚಿಕಿತ್ಸೆ, ಸ್ಯಾನಿಟೋರಿಯಮ್ಮೇ ವ್ಯವಸ್ಥೆ. ಮದನಪಲ್ಲಿ, ತಾಂಬರಂ, ಮೈಸೂರು ಮೊದಲಾದೆಡೆ ಇದ್ದ ಈ ಆಶ್ರಮಗಳ ಹಾಸಿಗೆಗಳಿಗೂ ದೇಶದ ರೋಗಿಗಳ ಸಂಖ್ಯೆಗೂ ಹೋಲಿಕೆಯೇ ಇರಲಿಲ್ಲ. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯು, ಕ್ಷಯವು ನಗರದ ರೋಗವೆಂಬ ನಂಬಿಕೆಯನ್ನೂ ಅಳಿಸಿಹಾಕಿತು. ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಮೆ ಅಷ್ಟೇ ಇತ್ತು.

1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ರಾಸಾಯನಿಕ ಚಿಕಿತ್ಸಾ ಕೇಂದ್ರವು ನೇರವಾದ ಪ್ರಶ್ನೆಯೊಂದನ್ನು ಹಾಕಿಕೊಂಡಿತು. ಒಂದೇ ಬಗೆಯ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಮ್ಮಿನಲ್ಲಿಯೂ ಉಳಿದವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇಟ್ಟು ಒಂದು ವರ್ಷ ಅವೇ ಮಾತ್ರೆಗಳನ್ನು ಕೊಟ್ಟರೆ ಫಲವೇನು? ಆಶ್ರಮದವರ ಊಟ ಉತ್ತಮವಾಗಿತ್ತು, ವಿಶ್ರಾಂತಿ ಹೆಚ್ಚಾಗಿತ್ತು. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಗುಂಪುಗಳ ಗುಣದಲ್ಲಿ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಮನೆಮಂದಿಗೆ ಸೋಂಕಿನ ಅಪಾಯವೂ ಅದರಿಂದ ಹೆಚ್ಚಿದಂತೆ ಕಾಣಲಿಲ್ಲ. ಚಾಳಿನ ಒಂಟಿ ಕೋಣೆಯಲ್ಲಿ ಸಂಸಾರ ನಡೆಸಿದವರಿಗೆ ಈ ವಾಕ್ಯದ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಹಾಸಿಗೆಯಿಲ್ಲವೆಂಬುದು ಇನ್ನು ಮೇಲೆ ಚಿಕಿತ್ಸೆಯಿಲ್ಲವೆಂಬುದಕ್ಕೆ ನೆಪವಾಗುವಂತಿರಲಿಲ್ಲ.

ಉಳಿದದ್ದು, ರೋಗಿಯನ್ನು ಹುಡುಕುವುದು ಹೇಗೆಂಬ ಪ್ರಶ್ನೆ. ಹಳ್ಳಿಗನು ಅಜ್ಞಾನಿ, ರೋಗವನ್ನು ಅರಿಯನು, ಅರಿತರೂ ಮಂತ್ರವಾದಿಯಲ್ಲಿಗೆ ಹೋಗುವನು, ಆದುದರಿಂದ ಎಕ್ಸ್‌ರೇ ಗಾಡಿಯೊಡನೆ ಮನೆಮನೆಗೂ ತೆರಳಬೇಕು ಎಂಬುದು ಅಂದಿನ ತಜ್ಞರಲ್ಲಿ ಹಲವರ ಭಾವನೆ. (ಓದಿದವರಾದ ನಮ್ಮಲ್ಲಿಯೂ ಈ ಭಾವನೆ ಪೂರ್ತಿ ಅಳಿದಿಲ್ಲ.) 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು, ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆಯಿಂದ ಪತ್ತೆಯಾಗಿದ್ದ ರೋಗಿಗಳನ್ನು ಮಾತನಾಡಿಸಿದರು. 1963ರಲ್ಲಿ ಅವರ ಲೇಖನ ಪ್ರಕಟವಾಯಿತು. ಕಫದಲ್ಲಿ ರೋಗಾಣುವಿದ್ದವರ ಪೈಕಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಮಂದಿ ಪರಿಹಾರವನ್ನು ಅರಸಿ ಹೊರಟೂ ಇದ್ದರು. ಅವರಲ್ಲಿ ಅನೇಕರು ಹೋದದ್ದು ಮಂತ್ರವಾದಿಯಲ್ಲಿಗಲ್ಲ, ಸರಕಾರಿ ಆಸ್ಪತ್ರೆಗೆ. ಅಲ್ಲಿ ಅವರ ಕಫವನ್ನು ಯಾರೂ ಪರೀಕ್ಷಿಸಲಿಲ್ಲ. ಕೆಮ್ಮಿನ ಔಷಧದ ಸೀಸೆಯೊಂದನ್ನು ಕೈಗಿತ್ತು ಕಳುಹಿಸಿಬಿಟ್ಟಿದ್ದರು.

ರೋಗವೆಂಬುದು ಚಿತ್ರಪಟದಲ್ಲಿ ಕಾಣುವ ನೆರಳು ಮಾತ್ರವಲ್ಲ, ಮನುಷ್ಯನೊಬ್ಬನು ಅನುಭವಿಸುತ್ತಿರುವ ಸಂಕಟವೂ ಹೌದೆಂದು ಒಪ್ಪಿದೊಡನೆಯೇ ವ್ಯವಸ್ಥೆಯ ವಿನ್ಯಾಸವು ಬದಲಾಯಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಕ್ಷಯಕ್ಕೆಂದು ಪ್ರತ್ಯೇಕವಾದ ದಂಡನ್ನು ಕಟ್ಟಲಿಲ್ಲ. ಕೆಮ್ಮುತ್ತ ತಾನಾಗಿಯೇ ಬಂದವನ ಕಫವನ್ನು ಸಾಮಾನ್ಯ ಚಿಕಿತ್ಸಾಲಯದಲ್ಲಿಯೇ ಸೂಕ್ಷ್ಮದರ್ಶಕದಿಂದ ನೋಡಬೇಕು, ಮಾತ್ರೆಗಳನ್ನು ಅಲ್ಲಿಯೇ ಉಚಿತವಾಗಿ ಕೊಡಬೇಕು. ಜಿಲ್ಲಾ ಕೇಂದ್ರವು ತರಬೇತಿ, ಎಕ್ಸ್‌ರೇ, ಲೆಕ್ಕಪತ್ರ, ಮೇಲ್ವಿಚಾರಣೆಗಳನ್ನು ನೋಡಿಕೊಳ್ಳಬೇಕು. ಭೋರ್ ಸಮಿತಿಯು 1946ರಲ್ಲಿ ಸೂಚಿಸಿದ್ದ, ತಡೆ ಮತ್ತು ಚಿಕಿತ್ಸೆಗಳೆರಡನ್ನೂ ಒಂದೇ ಸೂರಿನಡಿ ತರುವ ಪ್ರಾಥಮಿಕ ಆರೋಗ್ಯ ಕೇಂದ್ರವೇ ಇದಕ್ಕೆ ಆಧಾರಸ್ತಂಭ. ಆ ಸಮಿತಿಯು ತಕ್ಷಣಕ್ಕೆ 40,000 ಜನಕ್ಕೊಂದು ಕೇಂದ್ರವನ್ನು ಬಯಸಿತ್ತು. ಇಂದಿನ ಮಾನದಂಡದಂತೆ ಬಯಲುನಾಡಿನಲ್ಲಿ 30,000ಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು.

ವಿನ್ಯಾಸ ಸರಿಯಾಗಿತ್ತು, ಆಧಾರಸ್ತಂಭವೇ ದುರ್ಬಲವಾಗಿತ್ತು. ಕೇಂದ್ರಗಳಲ್ಲಿ ವೈದ್ಯರ ಕೊರತೆ, ಔಷಧದ ಕೊರತೆ ಬಿಡಲಿಲ್ಲ. 1992ರ ಪುನರ್ವಿಮರ್ಶೆಯಲ್ಲಿ, ಚಿಕಿತ್ಸೆಗೆ ತೊಡಗಿದವರ ಪೈಕಿ ಅದನ್ನು ಪೂರೈಸಿದವರು ನೂರಕ್ಕೆ ಮೂವತ್ತರಷ್ಟೇ ಎಂದು ಕಂಡುಬಂದಿತು. 1997ರಿಂದ ವಿಸ್ತರಿಸಿದ ಪರಿಷ್ಕೃತ ಕಾರ್ಯಕ್ರಮವು ಮಾತ್ರೆಯನ್ನು ಕಣ್ಣೆದುರೇ ನುಂಗಿಸುವ ಕ್ರಮವನ್ನು ತಂದು 2006ರ ಹೊತ್ತಿಗೆ ದೇಶವನ್ನೆಲ್ಲ ಆವರಿಸಿತು. ಫಲ ದೊರೆಯಿತೆಂಬುದು ನಿಜ. ಆದರೆ ಔಷಧ ನಿಂತುಹೋದುದಕ್ಕೆ ರೋಗಿಯ ಅಲಕ್ಷ್ಯವೊಂದೇ ಕಾರಣವೆಂಬಂತೆ ಅವನ ಮೇಲೆ ಕಣ್ಣಿಡುವುದು, ತುಮಕೂರಿನಲ್ಲಿ ಕಲಿತ ಪಾಠವನ್ನು ಅರ್ಧ ಮರೆತಂತೆ ಎಂದೇ ನನ್ನ ಅಭಿಪ್ರಾಯ.

ಮದರಾಸಿನ ಶೋಧವನ್ನೂ ಕೆಲವರು ತಪ್ಪಾಗಿ ಓದಿಕೊಂಡರು. ಔಷಧವಿದ್ದರೆ ಬಡ ಊಟದಲ್ಲಿಯೂ ರೋಗ ಗುಣವಾಗುವುದೆಂಬುದರಿಂದ, ಊಟಕ್ಕೂ ಕ್ಷಯಕ್ಕೂ ಸಂಬಂಧವೇ ಇಲ್ಲವೆಂದು ಹೇಳಲಾಗದು. ಗುಣವಾಗುವುದು ಬೇರೆ, ಬಾರದಿರುವುದು ಬೇರೆ. ಝಾರ್ಖಂಡದಲ್ಲಿ 2019ರಿಂದ 2022ರವರೆಗೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಗೆ ಮಾತ್ರವಲ್ಲದೆ ಅವನ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಪೋಷಕಾಂಶದ ಮಾತ್ರೆಗಳನ್ನು ಒದಗಿಸಲಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಮೆಯಾಯಿತು. ಸಾಮಾಜಿಕ ಕ್ಷೇಮವೆಂದು ಸಂವಿಧಾನದಲ್ಲಿ ಬರೆದುದು ಇಲ್ಲಿ ಕಿಲೋಗ್ರಾಂ ಲೆಕ್ಕಕ್ಕೆ ಇಳಿದಿದೆ. ಕೇಂದ್ರ ಸರಕಾರವು 2018ರಿಂದ ಪ್ರತಿ ರೋಗಿಗೆ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು 2024ರಲ್ಲಿ ಅದನ್ನು 1,000ಕ್ಕೆ ಏರಿಸಿತು. ಈ ಹಣ ಸಂದಾಯವಾಗುವುದು ಬ್ಯಾಂಕಿನ ಖಾತೆಗೆ. ಊರಿನಿಂದ ಹೊರಟು ಮಹಾನಗರದ ಕಟ್ಟಡದ ಕೆಲಸದಲ್ಲೋ ಖಾನಾವಳಿಯಲ್ಲೋ ದುಡಿಯುವ ಯುವಕನು ಕೆಮ್ಮುತ್ತ ಚಿಕಿತ್ಸಾಲಯಕ್ಕೆ ಬಂದಾಗ, ಅಲ್ಲಿ ಮೊದಲು ಅವನ ಕಫವನ್ನು ಕೇಳುವರೋ ವಿಳಾಸದ ಪುರಾವೆಯನ್ನು ಕೇಳುವರೋ ಎಂಬುದು ನಮ್ಮ ಸಂಘದಂತಹವು ಹೋಗಿ ನೋಡಿ ತಿಳಿಯಬಹುದಾದ ವಿಷಯ.